ಸಾಲಿನಲ್ಲಿ ನಿಂತ ಚೀಲಗಳು

ಮೊನ್ನೆ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಹಾಲಿನ ಬೂತಿಗೆ ವ್ಯಾನ್ ಇನ್ನೂ ಬಂದಿರಲಿಲ್ಲ. ಯಾರೋ ಒಂದು ಹಸಿರು ಬಟ್ಟೆಚೀಲವನ್ನು ಸಾಲಿನಲ್ಲಿಟ್ಟು ಹೊಂಗೆ ಮರದ ನೆರಳಿಗೆ ಹೋದರು. ಅದನ್ನು ನೋಡುತ್ತಲೇ ನನಗೆ ಮನಃಶಾಸ್ತ್ರ ಕಲಿಸಿದ ಮೇಡಂ ನೆನಪಾದರು. ಅವರದೂ ಅಂಥದೇ ಚೀಲ...

ಅವರ ಮನೆ ಇದೇ ಬೂತಿನ ಎದುರು, ಮೊದಲ ಮಹಡಿಯಲ್ಲಿತ್ತು. ಆಗ ನಾನು ವಿಜಯನಗರದಲ್ಲಿದ್ದುಕೊಂಡು ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಕಾಲೇಜಿನ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಪ್ರಶ್ನೆ ಕೇಳುವುದು ಅವರ ಪದ್ಧತಿ. ಜೀವಭಯ ಬಂದರೆ ಮನುಷ್ಯ ತನ್ನನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ ಎಂಬುದು ಅವರ ವಾದ. ಅದರ ಮೇಲೊಂದು ಪುಸ್ತಕ ಮುಗಿಯುತ್ತ ಬಂದಿತ್ತು. ಅರ್ಧ ಆಯುಷ್ಯ ಅದಕ್ಕೇ ಸವೆದಿತ್ತು.

ಅಷ್ಟರಲ್ಲಿ ಕೊರೊನಾ ಬಂತು, ಕಾಲೇಜಿಗೆ ಬೀಗ ಬಿತ್ತು. ಬೂತಿನ ಮುಂದೆ ಸುಣ್ಣದಲ್ಲಿ ವೃತ್ತಗಳನ್ನು ಬರೆದರು, ಒಂದರೊಳಗೆ ಒಬ್ಬರೇ ನಿಲ್ಲಬೇಕು. ನಮ್ಮ ಜನ ಬಿಡುತ್ತಾರೆಯೇ? ವೃತ್ತದಲ್ಲಿ ಚೀಲವನ್ನು ನಿಲ್ಲಿಸಿ ತಾವು ಮರದ ಕೆಳಗೆ ಗುಂಪುಗೂಡಿ ಹರಟಿದರು. ಮೇಡಂ ಅದನ್ನು ಬಾಲ್ಕನಿಯಿಂದ ನೋಡಿ ನನಗೆ ಫೋನ್ ಮಾಡಿ ನಗುತ್ತಿದ್ದರು.

ಒಂದು ದಿನ ಮಾತ್ರ ನಗಲಿಲ್ಲ.

"ಸಾಲು ಮುಂದೆ ಹೋದಾಗ ಆ ಚೀಲಗಳನ್ನ ಯಾರು ಸರಿಸ್ತಾರೆ ಗೊತ್ತೇನೇ? ಹಿಂದಿರೋರು ಕಣೇ. ಮನೆಗೆ ಹೋಗಿ ಹಾಲಿನ ಪ್ಯಾಕೆಟ್‌ಗೂ ಸೋಪು ಹಾಕಿ ತೊಳೆಯೋ ಜನ, ಇಲ್ಲಿ ಯಾರದೋ ಚೀಲಾನ ಬರಿಗೈಲಿ ಎತ್ತಿಡ್ತಾರೆ. ಒಬ್ಬರೂ ದಾಟಿ ಮುಂದೆ ಹೋಗಲ್ಲ."

"ಹಾಗಾದ್ರೆ ಪುಸ್ತಕ, ಮೇಡಂ?"

"ಅದು ತಪ್ಪು ಅಂತಾಯ್ತಲ್ಲ. ಕೋಣೇಲಿ ಒಬ್ಬೊಬ್ಬರನ್ನೇ ಕೂರಿಸಿದ್ರೆ ಇದೆಲ್ಲಿ ಕಾಣ್ಬೇಕು..."

ಪುಸ್ತಕವನ್ನು ಪಕ್ಕಕ್ಕಿಟ್ಟೇಬಿಟ್ಟರು. ನಿವೃತ್ತಿಗೆ ಹತ್ತಿರವಿದ್ದವರು ಹೊಸದಾಗಿ ಕಾಲೇಜಿಗೆ ಸೇರಿದ ಹುಡುಗಿಯ ಹಾಗೆ, ಮಾಸ್ಕ್ ಹಾಕಿಕೊಂಡು ಹಸಿರು ಚೀಲ ಹಿಡಿದು ಬೀದಿಗಿಳಿದರು. ಆಮೇಲೆ ಅವರ ವಿದ್ಯಾರ್ಥಿಗಳಾದ ನಾವೆಲ್ಲ ಕೋಣೆ ಬಿಟ್ಟು ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಯ ಬಾಗಿಲು ಎಂದು ಜನ ಇರುವಲ್ಲಿಗೇ ಹೋಗಿ ಕಲಿತೆವು. ಚೀಲ ಸರಿಸಿದ ಆ ಜನರ ಬಗ್ಗೆ ನನಗೆ ಇವತ್ತಿಗೂ ಬೆರಗು. ಅದಕ್ಕಿಂತ ಹೆಚ್ಚಿನ ಬೆರಗು ಮೇಡಂ ಬಗ್ಗೆ. ತಾವು ಕಟ್ಟಿದ್ದನ್ನು ಅಷ್ಟು ಸಂತೋಷವಾಗಿ ಕೆಡವಿದ ಬೇರೆ ಯಾರನ್ನೂ ನಾನು ಕಂಡಿಲ್ಲ.

ಎರಡನೇ ಅಲೆಯಲ್ಲಿ ಅವರು ಹೋಗಿಬಿಟ್ಟರು. ಹೊಸ ಪುಸ್ತಕದ ಮೊದಲ ಅಧ್ಯಾಯವೂ ಮುಗಿದಿರಲಿಲ್ಲ. ಕೊನೆಯದಾಗಿ ಮುಖ ನೋಡುವುದಕ್ಕೂ ಆಗಲಿಲ್ಲ...

ಮೊನ್ನೆ ನಾನೂ ಚೀಲವನ್ನು ಸಾಲಿನಲ್ಲಿಟ್ಟು ಮರದ ಕೆಳಗೆ ನಿಂತೆ. ವ್ಯಾನ್ ಬಂತು, ಸಾಲು ಕದಲಿತು. ಗುರುತಿಲ್ಲದ ಹುಡುಗಿಯೊಬ್ಬಳು ಫೋನಿನಿಂದ ಕಣ್ಣೆತ್ತದೆಯೇ ನನ್ನ ಚೀಲವನ್ನು ಮುಂದಕ್ಕೆ ಸರಿಸಿದಳು. "ನೋಡಿದ್ರಾ, ಮೇಡಂ" ಎನ್ನಲು ತಲೆಯೆತ್ತಿದೆ.

ಬಾಲ್ಕನಿಯಲ್ಲಿ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು.