ಬಟ್ಟೆ ಒಣಗದ ದಿನದ ಬಿಸಿಲು

ಮಾರ್ಚ್‌ನಲ್ಲಿ ಎರಡೂ ಕೆನ್ನೆ ಕೆಂಪಾದವು. ಮೂಗಿನ ಮೇಲೂ ಹಬ್ಬಿತು. ಉರಿ ಇತ್ತು, ತುರಿಕೆ ಇರಲಿಲ್ಲ. ಹೊಸನಗರದಿಂದ ತೀರ್ಥಹಳ್ಳಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಕೆಮಿಸ್ಟ್ರಿ ಪಾಠ ಮಾಡುವವಳು ನಾನು. ಸೆಖೆಗೆ ಹೀಗಾಗಿದೆ ಎಂದುಕೊಂಡೆ. “ಎಂತ ಮೇಡಂ, ಕೆನ್ನೆ ಕೆಂಪಾಗಿದೆ, ಹುಡುಗ ನೋಡೋಕೆ ಬಂದಿದ್ನಾ?” ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಾನೂ ನಕ್ಕೆ. ಬೆರಳ ಗಂಟುಗಳು ನೋಯುತ್ತಿದ್ದುದನ್ನು ಹೇಳಲಿಲ್ಲ.

ಸಾಗರದ ಚರ್ಮದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು.

ಲೂಪಸ್.

ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ಸದ್ಯ ಚರ್ಮ ಮತ್ತು ಕೀಲುಗಳಲ್ಲಿದೆ, ಕಿಡ್ನಿಗೆ ಹೋಗದಂತೆ ನೋಡಿಕೊಳ್ಳೋಣ ಎಂದರು. ಬಿಸಿಲು ಅದನ್ನು ಕೆರಳಿಸುತ್ತದೆಯಂತೆ. ದಿನಕ್ಕೊಂದು ಮಾತ್ರೆ, ಜೊತೆಗೆ ಸನ್‌ಸ್ಕ್ರೀನ್. ಕೇಳಬೇಕಾಗಿದ್ದ ಪ್ರಶ್ನೆಗಳೆಲ್ಲ ಮೆಟ್ಟಿಲಿಳಿದ ಮೇಲೆ ನೆನಪಾದವು.

ಬೇಸಿಗೆಯಲ್ಲಿ ಕೆಂಪು ಇಳಿಯಿತು. ಜುಲೈನಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದಾಗ, ಇನ್ನೂ ಗಾಢವಾಗಿ ಮರಳಿತು. ಕಿವಿಗೂ ಬಂತು.

ಬಿಸಿಲೇ ಇಲ್ಲದೆ ಹೇಗೆ? ಮಾತ್ರೆ ಕೈಕೊಟ್ಟಿತೇ, ಅಥವಾ ಕಾಯಿಲೆ ಒಳಗೆ ಇಳಿಯುತ್ತಿದೆಯೇ? ಕಿಡ್ನಿಗೆ ತಾಗಿದರೆ ಪಾದ ಊದುತ್ತದಂತೆ. ಬೆಳಿಗ್ಗೆ ಎದ್ದೊಡನೆ ಊದಿದೆಯೇ ಎಂದು ಒತ್ತಿ ನೋಡುತ್ತಿದ್ದೆ. ಒಂದು ದಿನ ಊದಿದೆ ಅನ್ನಿಸುತ್ತಿತ್ತು, ಮರುದಿನ ಇಲ್ಲ.

“ಸ್ಟೀರಾಯ್ಡ್ ಶುರು ಮಾಡಬೇಕಾಗಬಹುದು” ಎಂದರು ಡಾಕ್ಟರು. “ಮೂತ್ರದ ರಿಪೋರ್ಟ್ ಬರಲಿ. ಸನ್‌ಸ್ಕ್ರೀನ್ ಈಗ ಎಷ್ಟನೇ ಟ್ಯೂಬು?”

“ಮೊದಲನೇದೇ ಇದೆ ಮೇಡಂ.”

ಅವರು ಪೆನ್ನು ಕೆಳಗಿಟ್ಟರು. “ಹೇಗೆ ಹಚ್ತೀರಿ?”

ಕಡಲೆಕಾಳಿನಷ್ಟು. ಅದೂ ದಿನವೂ ಅಲ್ಲ. ಅಮ್ಮ ಒಗೆದ ಬಟ್ಟೆಯನ್ನು ಅಂಗಳದ ತಂತಿಗೆ ಹಾಕಿದರೆ ಅವತ್ತು ಬಿಸಿಲಿದೆ ಎಂದು ನನ್ನ ಲೆಕ್ಕ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಇಲ್ಲ. ಜೂನ್‌ನಿಂದ ಬಟ್ಟೆ ಹೊರಗೆ ಹೋಗಿರಲೇ ಇಲ್ಲ. ಟ್ಯೂಬೂ ಕಪಾಟಿನಿಂದ ಹೊರಬಂದಿರಲಿಲ್ಲ. ಹೇಳುವಾಗ ನಾಚಿಕೆಯಾಯಿತು. ನೇರಳಾತೀತ ಕಿರಣಗಳು ಮೋಡವನ್ನು ದಾಟುತ್ತವೆ ಎಂದು ತರಗತಿಯಲ್ಲಿ ಹೇಳಿಕೊಡುವವಳು ನಾನೇ.

“ಬಟ್ಟೆ ಒಣಗ್ಲಿ ಬಿಡ್ಲಿ, ಹಗಲಾದ್ರೆ ಹಚ್ಚಿ” ಎಂದರು. ಎರಡು ಬೆರಳಿನುದ್ದಕ್ಕೂ ಹಿಂಡಿಕೊಂಡು ಮುಖಕ್ಕೆ, ಕಿವಿಗೆ, ಕತ್ತಿಗೆ. ಕೈಗಳಿಗೆ ಬೇರೆ. ಹೊರಡುವ ಕಾಲು ಗಂಟೆ ಮೊದಲು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಸ್ಸಿನ ಕಿಟಕಿಯ ಗಾಜನ್ನೂ ನಂಬಬಾರದು.

ಮೂತ್ರದ ರಿಪೋರ್ಟ್ ಸರಿಯಿತ್ತು. ಸ್ಟೀರಾಯ್ಡ್ ಒಂದು ತಿಂಗಳು ಮುಂದೆ ಹೋಯಿತು.

“ಗೋಡೆಗೆ ಸುಣ್ಣ ಬಳಿದ ಹಾಗಿದೆ ಮಾರಾಯ್ತಿ, ಕ್ಲಾಸಲ್ಲಿ ಮಕ್ಕಳು ಹೆದರ್ತಾರೆ” ಎಂದು ಅಮ್ಮ ಮೊದಲ ದಿನ ನಕ್ಕಳು. ಆಮೇಲೆ ಕಿವಿಯ ಹಿಂದೆ ಬಿಟ್ಟುಹೋದಲ್ಲಿ ತಾನೇ ಹಚ್ಚಿದಳು.

ಆ ತಿಂಗಳು ಮುಗಿಯಿತು. ಕೆಂಪು ಮಾಸುತ್ತಿದೆ, ಸ್ಟೀರಾಯ್ಡ್ ಸದ್ಯಕ್ಕೆ ಬೇಡ ಎಂದಿದ್ದಾರೆ. ಕ್ರೀಮಿನಿಂದಲೋ, ಮಾತ್ರೆಯಿಂದಲೋ, ತಾನಾಗಿಯೋ, ನನಗೆ ತಿಳಿಯದು. ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ಪಾದ ಒತ್ತಿ ನೋಡುವುದನ್ನು ಇನ್ನೂ ಬಿಟ್ಟಿಲ್ಲ.

ನಿನ್ನೆ ಬೆಳಿಗ್ಗೆ ಜಡಿಮಳೆ. ಬಟ್ಟೆಯನ್ನು ಹಗ್ಗಕ್ಕೆ ಹಾಕುತ್ತ ಅಮ್ಮ ಬಚ್ಚಲಿನಿಂದಲೇ ಕೂಗಿದಳು: “ಬಿಸಿಲಿನ ಕ್ರೀಮು ಹಚ್ಕೊಂಡ್ಯಾ? ಕೊಡೆ ಮರೀಬೇಡ.”

ಹಚ್ಚಿಕೊಂಡಿದ್ದೆ.