ಕೆಳಗಿನ ಅಂಕಿ

ಹಳೆಯ ರಬ್ಬರಿಗೆ ಟಾಲ್ಕಂ ಪೌಡರ್ ಸೇರಿದರೆ ಒಂದು ವಾಸನೆ ಬರುತ್ತದೆ. ಹಿತವಾದ ವಾಸನೆಯೇನಲ್ಲ. ಹೋದ ವಾರ ನಮ್ಮ ತರಬೇತಿ ಕೇಂದ್ರದ ಬೀರು ಖಾಲಿ ಮಾಡುವಾಗ, ಬಿ.ಪಿ. ನೋಡುವ ಹಳೆಯ ಪಾದರಸದ ಡಬ್ಬವೊಂದರ ಮುಚ್ಚಳ ತೆಗೆದೆ, ಅದೇ ವಾಸನೆ ಮೂಗಿಗೆ ಬಡಿಯಿತು. ಪಾದರಸದ ಉಪಕರಣಗಳನ್ನು ಇನ್ನು ಇಟ್ಟುಕೊಳ್ಳುವುದು ಬೇಡ, ಎಲ್ಲ ಒಟ್ಟು ಮಾಡಿ ಕಳಿಸಿ ಎಂದು ಮೇಲಿನವರು ಹೇಳಿದ್ದರು. ಕೇಂದ್ರದವು ಮೂರಿದ್ದವು. ನಾಲ್ಕನೆಯದು ನನ್ನದು. ನನ್ನದು ಎನ್ನುವುದೂ ಪೂರ್ತಿ ಸರಿಯಲ್ಲ... ಅದು ಭದ್ರಾವತಿಯ ಕ್ಲಿನಿಕ್ಕೊಂದರ ಕಾಂಪೌಂಡರದ್ದು.

ಕ್ಲಿನಿಕ್ಕು, ನರ್ಸಿಂಗ್ ಹೋಮುಗಳಲ್ಲಿ ಸಹಾಯಕಿಯರಾಗಿ ಸೇರಬೇಕೆನ್ನುವ ಹುಡುಗಿಯರಿಗೆ ನಾನು ಈಗ ಶಿವಮೊಗ್ಗದ ಈ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಹನ್ನೊಂದು ವರ್ಷಗಳ ಹಿಂದೆ ಇದೇ ಮಹಡಿಯ ಇದೇ ಕೋಣೆಯಲ್ಲಿ ನಾನೂ ಬೆಂಚಿನ ಮೇಲೆ ಕೂತಿದ್ದವಳು. ವಾರದಲ್ಲಿ ನಾಲ್ಕು ದಿನ ಇಲ್ಲಿ ಪಾಠ, ಎರಡು ದಿನ ನಮ್ಮೂರು ಭದ್ರಾವತಿಯ ಕ್ಲಿನಿಕ್ಕಿನಲ್ಲಿ ಪ್ರಾಕ್ಟಿಕಲ್. ಆ ಎರಡು ದಿನ ನಾನು ಕಾಂಪೌಂಡರ ಕೈಕೆಳಗೆ ಇರುತ್ತಿದ್ದೆ.

ಅವರಿಗೆ ಆಗಲೇ ಐವತ್ತೆಂಟು ದಾಟಿತ್ತು. ಮೊದಲ ದಿನ ನಾನು ಸಾರ್ ಎಂದು ಕರೆದಾಗ, "ಸಾರ್ ಒಳಗಿದಾರೆ. ನನ್ನ ಕಾಂಪೌಂಡರ್ ಅನ್ನು, ಸಾಕು" ಅಂದರು. ಅರ್ಧ ತೋಳಿನ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು. ಒಂದು ಅವರು ಬರೆಯುವುದಕ್ಕೆ, ಇನ್ನೊಂದು ಯಾರಾದರೂ ಪೆನ್ನು ಕೇಳಿದರೆ ಕೊಡುವುದಕ್ಕೆ. ಎರಡನೆಯದರಲ್ಲಿ ಇಂಕು ಇರುತ್ತಿರಲಿಲ್ಲ. ಒಳ್ಳೆಯ ಮೇಷ್ಟ್ರು ಎಂದು ಹೊಗಳಲಾರೆ. ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ಸಿಡುಕುತ್ತಿದ್ದರು. ಗಾಯಕ್ಕೆ ಬಟ್ಟೆ ಕಟ್ಟುವಾಗ ನಾನು ಒಂದು ಸುತ್ತು ಜಾಸ್ತಿ ಸುತ್ತಿದರೆ, ಮಾತಾಡದೆ ಪೂರ್ತಿ ಬಿಚ್ಚಿ ಮತ್ತೆ ನನ್ನ ಕೈಗೇ ಕೊಡುತ್ತಿದ್ದರು.

ಕ್ಲಿನಿಕ್ಕು ಮೊದಲನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರನ್ನು ಕಾಂಪೌಂಡರು ಕೂರಿಸಿ, ಬೆಳಿಗ್ಗೆ ತಿಂಡಿ ಏನು ಎಂದು ವಿಚಾರಿಸುತ್ತಿದ್ದರು. ಕಾರ್ಖಾನೆ ಕಡೆಯವರಾದರೆ ತಮಿಳಿನಲ್ಲೋ ತೆಲುಗಿನಲ್ಲೋ, ಬಜಾರಿನವರಾದರೆ ಉರ್ದುವಿನಲ್ಲಿ. ಯಾವ ಭಾಷೆಯಾದರೂ ಪ್ರಶ್ನೆ ತಿಂಡಿಯದೇ. ಉತ್ತರ ಅವರಿಗೆ ಬೇಕಿರಲಿಲ್ಲ. ಬಂದವರ ಎದೆಬಡಿತ ಇಳಿಯುವುದಕ್ಕೆ ಅಷ್ಟು ಹೊತ್ತು ಬೇಕಿತ್ತು, ಆಮೇಲೇ ತೋಳಿಗೆ ಪಟ್ಟಿ ಸುತ್ತುತ್ತಿದ್ದರು. ಇದನ್ನು ಅವರು ನನಗೆ ಹೇಳಿಕೊಡಲಿಲ್ಲ. ತಿಂಗಳುಗಟ್ಟಲೆ ನೋಡಿ ನಾನೇ ತಿಳಿದುಕೊಂಡೆ.

ಇನ್ನೊಂದನ್ನೂ ಹಾಗೆಯೇ ತಿಳಿದುಕೊಂಡೆ. ಅವರಿಗೆ ಕಿವಿ ಮಂದವಾಗಿತ್ತು. ಬಿ.ಪಿ.ಯಲ್ಲಿ ಎರಡು ಅಂಕಿ, ಮೇಲಿನದು ಮತ್ತು ಕೆಳಗಿನದು. ಸ್ಟೆತಾಸ್ಕೋಪಿನಲ್ಲಿ ಟಕ್ ಟಕ್ ಶಬ್ದ ಶುರುವಾದಾಗ ಮೇಲಿನದು, ನಿಂತಾಗ ಕೆಳಗಿನದು. ಕಾಂಪೌಂಡರಿಗೆ ಆ ಶಬ್ದ ಕೇಳುವುದು ನಿಂತು ಯಾವ ಕಾಲವಾಗಿತ್ತೋ. ಅವರು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬುತ್ತಿದ್ದರು. ನಾಡಿ ಮಾಯವಾಗುತ್ತಿತ್ತು. ಮೆಲ್ಲಗೆ ಗಾಳಿ ಬಿಟ್ಟಾಗ ನಾಡಿ ಮತ್ತೆ ಬೆರಳಿಗೆ ತಗಲಿದ ಕಡೆ ಮೇಲಿನ ಅಂಕಿ. ಅದನ್ನು ಚೀಟಿಯಲ್ಲಿ ಬರೆದು, ಕೆಳಗಿನದಕ್ಕೆ ಜಾಗ ಖಾಲಿ ಬಿಡುತ್ತಿದ್ದರು. ಕೆಳಗಿನದು ಬೆರಳಿಗೆ ಸಿಗುವುದಿಲ್ಲ. ಮೇಲಿನದು ಹೆಚ್ಚಿದ್ದರೆ ಡಾಕ್ಟರು ಒಳಗೆ ತಾವೇ ಇನ್ನೊಮ್ಮೆ ನೋಡುತ್ತಿದ್ದರು. ಮೂವತ್ತು ವರ್ಷ ಜೊತೆಗಿದ್ದ ಇಬ್ಬರ ನಡುವಿನ ಒಪ್ಪಂದ ಅದು.

ಡಾಕ್ಟರಿಗೆ ವಯಸ್ಸಾಯಿತು, ಕ್ಲಿನಿಕ್ಕು ಮಗಳ ಕೈಗೆ ಬಂತು. ಅವರೂ ಡಾಕ್ಟರೇ, ಒಳ್ಳೆಯವರೇ. ಆದರೆ ಸರ್ಟಿಫಿಕೇಟ್ ಇಲ್ಲದವರನ್ನು ಇಟ್ಟುಕೊಂಡರೆ ನಾಳೆ ಯಾರಾದರೂ ಬಂದು ಕೇಳಿದಾಗ ಏನು ತೋರಿಸಲಿ ಎಂಬುದು ಅವರ ಚಿಂತೆ. ಅನುಭವ ಇದ್ದವರಿಗೆಂದು ನಮ್ಮ ಕೇಂದ್ರದಲ್ಲಿ ಹತ್ತು ದಿನದ ಪಾಠವಿತ್ತು, ಆಮೇಲೆ ನಮ್ಮ ಜೊತೆಗೇ ಪರೀಕ್ಷೆ. ಪಾಸಾಗಿ ಬನ್ನಿ, ನಿಮ್ಮ ಕುರ್ಚಿ ನಿಮಗೇ ಇರುತ್ತದೆ ಎಂದರು. ಪಾಸಾಗದಿದ್ದರೆ ಏನೆಂದು ಅವರೂ ಹೇಳಲಿಲ್ಲ, ಕಾಂಪೌಂಡರೂ ಕೇಳಲಿಲ್ಲ.

ಹತ್ತು ದಿನ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ದಾರಿಯಲ್ಲಿ ನಾನು ಮೇಡಂ, ಅವರು ವಿದ್ಯಾರ್ಥಿ. ಅವರಿಗೆ ಕೆಲಸವೆಲ್ಲ ಗೊತ್ತಿತ್ತು, ಪುಸ್ತಕದ ಇಂಗ್ಲಿಷ್ ಹೆಸರುಗಳು ಗೊತ್ತಿರಲಿಲ್ಲ. ಮಲವಗೊಪ್ಪದ ಹತ್ತಿರ ಬಾಯಿಪಾಠ ಒಪ್ಪಿಸಿದ್ದನ್ನು ಶಿವಮೊಗ್ಗದಲ್ಲಿ ಬಸ್ಸು ಇಳಿಯುವಾಗ ಮರೆತಿರುತ್ತಿದ್ದರು. ಸಿಸ್ಟೋಲಿಕ್, ಡಯಾಸ್ಟೋಲಿಕ್ ಎಂದು ನಾನು ಐದನೇ ಸಲ ಹೇಳಿಸಿದಾಗ, "ಮೇಲಿಂದು, ಕೆಳಗಿಂದು ಅಂದ್ರೆ ಪ್ರಾಣ ಹೋಗುತ್ತಾ ಮಾರಾಯ್ತಿ?" ಅಂದರು. ಪಕ್ಕದ ಸೀಟಿನ ಹೆಂಗಸು ನಕ್ಕಿದ್ದು ನೆನಪಿದೆ.

ಪರೀಕ್ಷೆಯ ದಿನ ಬಿ.ಪಿ. ನೋಡಲು ಪೇಷಂಟಾಗಿ ಕೂತವಳು ಕೇಂದ್ರದ ಆಯಮ್ಮ, ಕಸ ಗುಡಿಸಿ ಟೀ ತಂದುಕೊಡುವವಳು. ಹನ್ನೆರಡು ಜನ ಒಬ್ಬರಾದ ಮೇಲೊಬ್ಬರು ಅವಳ ತೋಳು ಹಿಂಡಿದೆವು. ಇಲ್ಲಿ ನಮ್ಮ ಬ್ಯಾಚಿನ ಅಭ್ಯಾಸವೊಂದನ್ನು ಹೇಳಬೇಕು. ವರ್ಷವಿಡೀ ನಾವು ಹುಡುಗಿಯರು ಒಬ್ಬರ ಬಿ.ಪಿ. ಒಬ್ಬರು ನೋಡಿ ಕಲಿತವರು. ಎಲ್ಲರೂ ಇಪ್ಪತ್ತರ ಆಸುಪಾಸು, ಎಲ್ಲರದೂ ಸುಮಾರಾಗಿ ನೂರಿಪ್ಪತ್ತು, ಎಂಬತ್ತು. ಬರಬರುತ್ತ ಕೇಳಿದರೂ ಅದೇ, ಕೇಳದಿದ್ದರೂ ಅದೇ ಬರೆಯುವುದು ರೂಢಿಯಾಯಿತು. ಅವತ್ತು ಮೊದಲು ಹೋದವಳು ಅದನ್ನೇ ಬರೆದಳು, ಅವಳ ಹಾಳೆ ಮೇಜಿನ ಮೇಲೆ ತೆರೆದೇ ಇತ್ತು.

ನನ್ನದು ಏಳನೇ ಸರದಿ. ತಲೆಯ ಮೇಲೆ ಫ್ಯಾನು ಕರಕರ ಎನ್ನುತ್ತಿತ್ತು, ಕೆಳಗೆ ರಸ್ತೆಯಲ್ಲಿ ಹಾರನ್ನು. ನನಗೆ ಏನೂ ಕೇಳಲಿಲ್ಲ. ಹಾಳೆ ನೋಡಿದೆ, ನೂರಿಪ್ಪತ್ತು, ಎಂಬತ್ತು ಎಂದು ಬರೆದೆ. ಆಗ ಭಯವಾಗಲಿ ನಾಚಿಕೆಯಾಗಲಿ ಆಗಲಿಲ್ಲ.

ಒಂಬತ್ತನೆಯವರು ಕಾಂಪೌಂಡರು. ಆಯಮ್ಮನ ಎದುರು ಕೂತು, "ಬೆಳಿಗ್ಗೆ ತಿಂಡಿ ಏನಮ್ಮ?" ಎಂದರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಗಡಿಯಾರ ನೋಡಿಕೊಂಡರು. ಕಾಂಪೌಂಡರು ನಾಡಿ ಹಿಡಿದು ಗಾಳಿ ತುಂಬಿದರು, ಬಿಟ್ಟರು, ಬರೆದರು. ಆಮೇಲೆ ಸ್ಟೆತಾಸ್ಕೋಪ್ ಇಟ್ಟು ಎರಡು ಸಲ ಪ್ರಯತ್ನಿಸಿದರು. ಮೂರನೇ ಸಲಕ್ಕೆ ಆಯಮ್ಮ ತೋಳು ನೋಯುತ್ತದೆ ಎಂದಳು. ಕೂಡಲೇ ಪಟ್ಟಿ ಬಿಚ್ಚಿಬಿಟ್ಟರು. ಎದುರು ಬೆಂಚಿನಲ್ಲಿದ್ದ ನಾನು ಎಂಟು ಬೆರಳು ಎತ್ತಿ ತೋರಿಸಿದೆ. ಅವರು ನೋಡಿದರು. ಚೆನ್ನಾಗಿಯೇ ನೋಡಿದರು. ನೋಡಿ ತಲೆ ತಗ್ಗಿಸಿ, ಹಾಳೆಯನ್ನು ಹಾಗೆಯೇ ಮುಂದಕ್ಕೆ ತಳ್ಳಿದರು. ಮೇಲೆ ನೂರ ಅರವತ್ತು. ಕೆಳಗೆ ಖಾಲಿ.

"ಕೆಳಗಿಂದು?" ಎಂದರು ಪರೀಕ್ಷಕರು.

"ಕೇಳಿಸ್ಲಿಲ್ಲ ಸಾರ್."

"ಇಷ್ಟು ಜನಕ್ಕೆ ಕೇಳ್ಸಿದೆಯಲ್ರೀ."

"ಅವರ ಕಿವಿ ಚೆನ್ನಾಗಿವೆ ಸಾರ್" ಎಂದರು ಕಾಂಪೌಂಡರು. ವ್ಯಂಗ್ಯವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಂಟು ಜನರದು ಒಂದು ಅಂಕಿ, ಇವರದೊಂದು ಬೇರೆ. ಪರೀಕ್ಷಕರು ಮೇಲಿನ ನೂರ ಅರವತ್ತಕ್ಕೂ ಕೆಂಪು ಗೆರೆ ಎಳೆದರು.

ಮೆಟ್ಟಿಲು ಇಳಿಯುವಾಗ ಕಾಂಪೌಂಡರು ಆಯಮ್ಮನನ್ನು ಪಕ್ಕಕ್ಕೆ ಕರೆದು, "ನಾಳೆ ನಾಡಿದ್ದು ಅನ್ಬೇಡಿ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ" ಎಂದರು. ನಾನು ಬೆರಳೆತ್ತಿ ಎಂಬತ್ತು ಅಂತ ತೋರಿಸಿದ್ದನ್ನು ಬಸ್ಸಿನಲ್ಲಿ ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನಾನು ಪಾಸಾದೆ, ಅವರು ಆಗಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಕೂರಬಹುದಿತ್ತು, ಕೂರಲಿಲ್ಲ. ಕ್ಲಿನಿಕ್ಕಿನಲ್ಲಿ ಅವರ ಕುರ್ಚಿ ನನಗೆ ಬಂತು. ಕೊನೆಯ ದಿನ ತಮ್ಮ ಸ್ವಂತದ ಬಿ.ಪಿ. ಡಬ್ಬವನ್ನು ನನ್ನ ಮುಂದಿಟ್ಟು, "ವಾರಕ್ಕೊಂದ್ಸಲ ರಬ್ಬರಿಗೆ ಪೌಡರ್ ಹಾಕು. ಇಲ್ಲಾಂದ್ರೆ ಅಂಟ್ಕೊಂಡು ಸೀಳುತ್ತೆ" ಎಂದರು. ಇಂಕಿಲ್ಲದ ಪೆನ್ನನ್ನೂ ಕೊಟ್ಟರು. ಅದು ತಮಾಷೆಗಿರಬೇಕು. ಆಮೇಲೆ ಹೊಳೆಹೊನ್ನೂರಿನ ತಂಗಿಯ ಮನೆಗೆ ಹೊರಟುಹೋದರು.

ತಿಂಗಳ ನಂತರ ಸರ್ಟಿಫಿಕೇಟ್ ತರಲು ಕೇಂದ್ರಕ್ಕೆ ಹೋದಾಗ ಆಯಮ್ಮ ಬಾಗಿಲಲ್ಲೇ ಹಿಡಿದುಕೊಂಡಳು. ದೊಡ್ಡಾಸ್ಪತ್ರೆಯಲ್ಲಿ ಬಿ.ಪಿ. ಹೆಚ್ಚಿದೆ ಎಂದರಂತೆ, ಮಾತ್ರೆ ಶುರುವಾಗಿದೆಯಂತೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಬೈದರಂತೆ. "ನಿಮ್ಮೂರ ಕಾಂಪೌಂಡರಿಗೆ ಹೇಳಮ್ಮ, ಅವರು ಹೇಳಿದ್ದೇ ಸರಿಯಾಯ್ತು ಅಂತ." ಹೇಳ್ತೀನಿ ಎಂದೆ. ಹೇಳಬೇಕೆಂದೇ ಇದ್ದೆ. ಆದರೆ ಅವರು ಬರೆದದ್ದು ಸರಿ ಎಂದರೆ ನಾನು ಬರೆದದ್ದು ಏನು? ಕೈಯಲ್ಲಿದ್ದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಮುಂದಿನ ಸಲ ಆಯಮ್ಮ ಕೇಳಿದಾಗ, ಹೇಳಿದೆ ಎಂದುಬಿಟ್ಟೆ. ನೂರಿಪ್ಪತ್ತು, ಎಂಬತ್ತು ಬರೆದಷ್ಟೇ ಸಲೀಸಾಗಿ.

ಕಾಂಪೌಂಡರು ಒಮ್ಮೆ ಸಿಕ್ಕಿದ್ದರು. ಹೊಳೆಹೊನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ, ಕೈಯಲ್ಲಿ ತರಕಾರಿ ಚೀಲ. ಬಿಳಿ ಶರಟು ಅದೇ, ಜೇಬಿನಲ್ಲಿ ಪೆನ್ನು ಮಾತ್ರ ಒಂದೂ ಇರಲಿಲ್ಲ. "ಪೌಡರ್ ಹಾಕ್ತಿದೀಯಾ?" ಎಂದು ಕೇಳಿದರು. ಹಾಕ್ತಿದೀನಿ ಎಂದೆ. ಅದು ನಿಜವೇ ಆಗಿತ್ತು. ಆಯಮ್ಮನ ಮಾತು ಗಂಟಲವರೆಗೆ ಬಂದಿತ್ತು... ಅಷ್ಟರಲ್ಲಿ ನನ್ನ ಬಸ್ಸು ಬಂತು. ಬಸ್ಸು ಹತ್ತು ನಿಮಿಷ ಅಲ್ಲೇ ನಿಂತಿತ್ತು, ಅದನ್ನೂ ಹೇಳಬೇಕು. ಅವರು ತೀರಿಹೋದ ಸುದ್ದಿ ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ.

ಕ್ಲಿನಿಕ್ಕಿನ ಆ ಕುರ್ಚಿಯಲ್ಲಿ ನಾನು ಆಮೇಲೆ ಕೆಲಸವನ್ನು ಸರಿಯಾಗಿಯೇ ಕಲಿತೆ. ಈಗ ನನ್ನ ಹುಡುಗಿಯರು ಯಾರಾದರೂ ನೂರಿಪ್ಪತ್ತು, ಎಂಬತ್ತು ಎಂದು ಬರೆದರೆ ಫ್ಯಾನು ನಿಲ್ಲಿಸಿ ನಾನೇ ಇನ್ನೊಮ್ಮೆ ನೋಡುತ್ತೇನೆ. ಅನುಮಾನದ ಮೇಡಂ ಎಂದು ನನಗೆ ಹೆಸರಿದೆ. ಇರಲಿ.

ಹೋದ ವಾರ ಆ ಡಬ್ಬ ತೆರೆದು ಕೂತಿದ್ದಾಗ ಆಯಮ್ಮ ಟೀ ತಂದಳು. ಅವಳು ಇನ್ನೂ ಇಲ್ಲೇ ಇದ್ದಾಳೆ, ದಿನಕ್ಕೊಂದು ಮಾತ್ರೆ ನುಂಗುತ್ತಾಳೆ. ಡಬ್ಬ ಯಾರದೆಂದು ಅವಳಿಗೆ ಗೊತ್ತು.

"ಅವತ್ತು ಹೇಳಿ ಕಳಿಸಿದ್ನಲ್ಲ ಮೇಡಂ, ಅದಕ್ಕೆ ಏನಂದ್ರು ಅವರು? ನೀವು ಹೇಳ್ಲೇ ಇಲ್ಲ."

"ನಾನು ಅವರಿಗೆ ಹೇಳ್ಲಿಲ್ಲ ಆಯಮ್ಮ. ಹೇಳಿದೆ ಅಂತ ನಿನಗೆ ಸುಳ್ಳು ಹೇಳ್ದೆ."

ಅವಳು ಟೀ ಲೋಟವನ್ನು ಡಬ್ಬದ ಪಕ್ಕಕ್ಕಿಟ್ಟಳು. "ಒಂದು ಮಾತು ಹೇಳೋಕೆ ಏನಾಗಿತ್ತು" ಎಂದಳು. ಕೋಪವಿರಲಿಲ್ಲ, ಕೇಳಿದ್ದು ಅಷ್ಟೇ. ಉತ್ತರಕ್ಕೆ ಕಾಯಲೂ ಇಲ್ಲ, ಟೀ ಆರುತ್ತದೆ ಎಂದು ಹೇಳಿ ಕೆಳಗೆ ಹೋದಳು. ಆ ಮನುಷ್ಯನಿಗೆ ಸಿಗಬಹುದಾಗಿದ್ದ ಸರ್ಟಿಫಿಕೇಟ್ ಅದೊಂದೇ ಇತ್ತು, ಅದು ಹನ್ನೊಂದು ವರ್ಷ ನನ್ನ ಹತ್ತಿರ ಉಳಿದುಹೋಯಿತು. ನನಗೆ ನಾಚಿಕೆಯಾಗುತ್ತದೆ. ಆಗಬೇಕಾಗಿದ್ದಾಗ ಆಗಿದ್ದರೆ ಚೆನ್ನಾಗಿತ್ತು.

ಉಪಕರಣಗಳನ್ನು ಒಯ್ಯುವವರು ಮಧ್ಯಾಹ್ನ ಬರುವವರಿದ್ದರು. ಅಷ್ಟರೊಳಗೆ ನಾನು ರಬ್ಬರನ್ನು ಬಟ್ಟೆಯ ಪಟ್ಟಿಯಿಂದ ಹೊರಗೆಳೆದು, ಒರೆಸಿ, ಎರಡೂ ಬದಿಗೆ ಪೌಡರ್ ಹಾಕಿದೆ. ಮಡಚಿ ಒಳಗಿಟ್ಟು ಮುಚ್ಚಳ ಹಾಕಿದೆ.