ವಾರಿಜಾ ಮೇಡಂ ಅವರ ಒಂದೇ ಪ್ರಶ್ನೆ

ವಾರಿಜಾ ಮೇಡಂ ಅವರ ಜಡೆಯಲ್ಲಿ ಶಂಕರಪುರ ಮಲ್ಲಿಗೆ, ಬಾಯಲ್ಲಿ ಒಂದೇ ಪ್ರಶ್ನೆ: "ಹಣ ಎಲ್ಲಿಂದ ಬಂತು?" ಕಾಪುವಿನ ನಮ್ಮ ಬ್ಯಾಂಕಿಗೆ ಅವರು ಮ್ಯಾನೇಜರ್, ನಾನು ಕ್ಯಾಶಿಯರ್. ಕಳ್ಳಹಣವನ್ನು ಬ್ಯಾಂಕಿಗೆ ತುರುಕಿ ಬಿಳಿ ಮಾಡಿಕೊಳ್ಳುವ ದಂಧೆ ತಡೆಯಲು ದೇಶದೇಶಗಳು ಸೇರಿ ಮಾಡಿದ ನಿಯಮ, ಎರಡು ಸಾವಿರದ ಇಸವಿ ಕಳೆದ ಮೇಲೆ ಸುತ್ತೋಲೆಯಾಗಿ ನಮ್ಮಲ್ಲಿಗೂ ಬಂದಿತ್ತು. ಬೇರೆಯವರು ಅದನ್ನು ಫೈಲಿಗೆ ಸೇರಿಸಿ ಚಹಾ ಕುಡಿದರು. ಇವರು ಓದಿದರು, ಅದೇ ತಪ್ಪಾಯಿತು ನೋಡಿ!

ಹಣ ಕಟ್ಟಲು ಬಂದ ಮೀನು ಮಾರುವ ಗುಲಾಬಿಯಕ್ಕನನ್ನೂ ಬಿಡಲಿಲ್ಲ.

"ಎಲ್ಲಿಂದ ಅಂದರೆ ಎಂತ ಮೇಡಂ? ಸಮುದ್ರದಿಂದ!" ಎಂದು ಗುಲಾಬಿಯಕ್ಕ ಬುಟ್ಟಿ ಕುಕ್ಕಿದರು.

"ಕೋಪ ಎಂತಕ್ಕೆ ಮಾರಾಯ್ತಿ? ನಾಳೆ ದೊಡ್ಡವರಲ್ಲಿ ಕೇಳಲಿಕ್ಕೆ ನನಗೆ ಬಾಯಿ ಬೇಕಲ್ವಾ?"

ದೊಡ್ಡ ಮನುಷ್ಯ ಬಂದೇ ಬಂದ. ಹೆದ್ದಾರಿ ಬದಿಯಲ್ಲಿ ಕಟ್ಟಡ ಕಟ್ಟಿಸುತ್ತಿದ್ದ ಸುಧಾಕರಣ್ಣ. ಕೈಯಲ್ಲಿ ಬ್ಯಾಗು ತುಂಬ ನೋಟು, ಹಿಂದೆ ಬಾಗಲಕೋಟೆ ಕಡೆಯ ಕೂಲಿಯವರ ಸಾಲು. ಅವರೆಲ್ಲರ ಹೆಸರಲ್ಲಿ ಖಾತೆ ತೆರೆದು ಹಣವನ್ನು ಹಂಚಿ ಹಾಕಬೇಕಂತೆ! ಮೇಡಂ ಮುಂದಿದ್ದ ಕೂಲಿಯವನನ್ನೇ ಕೇಳಿದರು.

"ನಮ್ದಲ್ರಿ ಅಕ್ಕಾರ. ಸಾಹುಕಾರ್ರು ಹೆಬ್ಬಟ್ಟ ಒತ್ತಂದ್ರು, ಬಂದೇವ್ರಿ."

ಮೇಡಂ ಸುಧಾಕರಣ್ಣನ ಕಡೆ ತಿರುಗಿದರು. "ನಾಳೆ ಪೊಲೀಸರು ಹಿಡಿಯುವುದು ಈ ಪಾಪದವರನ್ನು, ನಿಮ್ಮನ್ನಲ್ಲ. ಬ್ಯಾಗು ತೆಗೊಂಡು ಹೋಗಿ."

"ನಿಮ್ಮನ್ನು ಇಲ್ಲಿಂದ ಎತ್ತಿಸ್ತೇನೆ."

"ಎತ್ತಿಸಿ. ಕುರ್ಚಿ ನಾನು ಮನೆಯಿಂದ ತಂದದ್ದಲ್ಲ."

ಅದೇ ಸಂಜೆ ಮೇಲಿನವರಿಗೆ ವರದಿ ಕಳಿಸಿದರು. ವರದಿಗೆ ಉತ್ತರ ಬರುವ ಮೊದಲೇ ವರ್ಗಾವಣೆ ಬಂತು, ಬಾಗಲಕೋಟೆಗೆ! ಉದ್ಯಾವರದಲ್ಲಿ ಅವರು ಹೊಸ ಮನೆ ಕಟ್ಟಿಸಿ ಒಕ್ಕಲಾಗಿ ವರ್ಷ ತುಂಬಿರಲಿಲ್ಲ.

"ಸ್ವಲ್ಪ ತಗ್ಗಿದ್ದರೆ ಆಗ್ತಿತ್ತಲ್ವಾ ಮೇಡಂ?" ಎಂದೆ ಬಸ್ ಹತ್ತಿಸುವಾಗ.

"ತಗ್ಗಿ, ಮತ್ತೆ ಗುಲಾಬಿಯಕ್ಕನ ಮುಖ ಹೇಗೆ ನೋಡುವುದು?" ಎಂದು ನಕ್ಕರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ಮರುವಾರ ಅದೇ ಬ್ಯಾಗು ನನ್ನ ಕೌಂಟರಿಗೆ ಬಂತು. ಹೊಸ ಮ್ಯಾನೇಜರ್ ಕ್ಯಾಬಿನ್ನಿನ ಒಳಗಿನಿಂದಲೇ, ತೆಗೆದುಕೊಳ್ಳಿ ಎಂದು ಕೈಸನ್ನೆ ಮಾಡಿದರು. ಸಾಲಿನಲ್ಲಿದ್ದ ಗುಲಾಬಿಯಕ್ಕ ನನ್ನನ್ನೇ ನೋಡುತ್ತ ಮತ್ತೆ ಬುಟ್ಟಿ ಕುಕ್ಕಿದರು. "ಕೇಳಿ ಮಾರಾಯ್ರೆ! ನನ್ನಲ್ಲಿ ಮೇಡಂ ಕೇಳಿದ್ದಾರಲ್ವಾ?"

ನಾನು ಬ್ಯಾಗನ್ನು ಸುಧಾಕರಣ್ಣನ ಕಡೆಗೇ ತಳ್ಳಿ, ಇಡೀ ಬ್ಯಾಂಕಿಗೆ ಕೇಳುವಂತೆ ಕೇಳಿದೆ:

"ಹಣ ಎಲ್ಲಿಂದ ಬಂತು?"